ಓದುಗರ ಪ್ರಶ್ನೆ: ಓಟ ನಿಂತ ಮೇಲೆ ಉಳಿದ ಹಾದಿ

ಕಳೆದ ಸಂಚಿಕೆಯಲ್ಲಿ ಮೋಟಾರ್ ರೇಸಿಂಗ್ ಕುರಿತ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ, ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕ್ 1939ರಲ್ಲಿ ಮುಚ್ಚಿದ್ದು ಮತ್ತೆ ತೆರೆಯಲೇ ಇಲ್ಲ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಸಾಗಿದ್ದೆ. ಆ ಸಾಲನ್ನು ಹಿಡಿದುಕೊಂಡು ಬಂದ ಪತ್ರಗಳೇ ಈ ಸಲ ಹೆಚ್ಚು. ಆದ್ದರಿಂದ ಇತರ ವಿಷಯಗಳನ್ನು ಮುಂದಿನ ಸಂಚಿಕೆಗೆ ಬಿಟ್ಟು, ಪಾಳುಬಿದ್ದ ರೇಸ್ ಟ್ರ್ಯಾಕ್‌ಗಳ ಪ್ರಶ್ನೆಗಳನ್ನಷ್ಟೇ ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ಒಂದು ಕಾರ್ ರೇಸನ್ನೂ ನೇರವಾಗಿ ನೋಡಿದವನಲ್ಲ. ಆದರೂ ಹುಲ್ಲು ಬೆಳೆದ, ಬಿರುಕು ಬಿಟ್ಟ ಹಳೆಯ ಟ್ರ್ಯಾಕ್‌ಗಳ ಚಿತ್ರ ಕಂಡರೆ ಗಂಟೆಗಟ್ಟಲೆ ನೋಡುತ್ತ ಕೂರುತ್ತೇನೆ. ತಾನು ಕಾಣದ ಕಾಲಕ್ಕಾಗಿ ಒಬ್ಬ ಮನುಷ್ಯ ಹಳಹಳಿಸುವುದು ಹೇಗೆ ಸಾಧ್ಯ?

ಉತ್ತರ: ಹಳಹಳಿಕೆಗೆ ಸ್ವಂತ ನೆನಪೇ ಬೇಕೆಂದಿಲ್ಲ, ನೆನಪಿನ ಜಾಗವನ್ನು ತುಂಬಬಲ್ಲ ಒಂದು ಗುರುತು ಕಣ್ಣೆದುರು ಇದ್ದರೆ ಸಾಕಾಗುತ್ತದೆ. ಇತರ ಪಾಳು ಕಟ್ಟಡಗಳಿಗಿಂತ ರೇಸ್ ಟ್ರ್ಯಾಕ್‌ನಲ್ಲಿ ಆ ಗುರುತು ಹೆಚ್ಚು ಸ್ಪಷ್ಟವಾಗಿ ಉಳಿಯುತ್ತದೆ ಎಂದು ನನಗೆ ಅನ್ನಿಸುತ್ತದೆ. ಮುಚ್ಚಿಹೋದ ಚಿತ್ರಮಂದಿರದ ಗೋಡೆಯನ್ನು ನೋಡಿ ಅಲ್ಲಿ ಯಾವ ಚಿತ್ರ ಓಡುತ್ತಿತ್ತು ಎಂದು ಹೇಳಲಾಗದು. ಆದರೆ ಇಟಲಿಯ ಮೊಂಝಾದಲ್ಲಿ, ಉದ್ಯಾನದ ಮರಗಳ ನಡುವೆ ಇಂದಿಗೂ ನಿಂತಿರುವ ಕಾಂಕ್ರೀಟ್ ತಿರುವನ್ನು ಕಂಡವರಿಗೆ ಅಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಆ ತಿರುವನ್ನು ಕಟ್ಟಿದ್ದು 1955ರಲ್ಲಿ. ಹೊರ ಅಂಚನ್ನು ಎತ್ತರಿಸಿ, ದೊಡ್ಡ ಬಾಣಲೆಯ ಒಳಮೈಯಂತೆ ವಾಲಿಸಿ ಕಟ್ಟುವ ಇಂಥ ತಿರುವಿಗೆ ಬ್ಯಾಂಕಿಂಗ್ ಎನ್ನುತ್ತಾರೆ. ವೇಗವಾಗಿ ತಿರುಗುವ ಕಾರು ಹೊರಕ್ಕೆ ಜಾರಲು ನೋಡುತ್ತದೆ. ನೆಲ ವಾಲಿದ್ದರೆ ಆ ಒತ್ತಡದ ಒಂದು ಪಾಲು ಕಾರನ್ನು ಅಡ್ಡಡ್ಡ ತಳ್ಳುವ ಬದಲು ನೆಲಕ್ಕೇ ಒತ್ತುತ್ತದೆ, ಹಾಗಾಗಿ ಚಾಲಕ ವೇಗ ತಗ್ಗಿಸದೆ ಸುತ್ತು ಹಾಕಬಹುದು. ಮೊಂಝಾದ ಬ್ಯಾಂಕಿಂಗ್ ಮೇಲ್ತುದಿಯಲ್ಲಿ ಸುಮಾರು 38 ಡಿಗ್ರಿಯಷ್ಟು ವಾಲಿದೆ. ಅಲ್ಲಿಗೆ ಕಾಲ್ನಡಿಗೆಯಲ್ಲಿ ಹತ್ತಲು ಹೊರಟವರು ಅರ್ಧಕ್ಕೇ ಕೈಯೂರಬೇಕಾಗುತ್ತದೆ. ಅಂದರೆ ಆ ನೆಲ ನಡೆಯುವವರಿಗೂ ತಕ್ಕುದಲ್ಲ, ಮೆಲ್ಲಗೆ ಹೋಗುವ ವಾಹನಕ್ಕೂ ತಕ್ಕುದಲ್ಲ. ಒಂದು ನಿರ್ದಿಷ್ಟ ವೇಗದಲ್ಲಿ ಬರುವ ಕಾರಿಗೆ ಮಾತ್ರ ಅದು ಸಮತಟ್ಟಾದ ರಸ್ತೆಯಂತೆ ಒದಗುತ್ತದೆ. ಕಾರುಗಳು ಹೋಗಿ ಅರ್ಧ ಶತಮಾನ ಕಳೆದರೂ ಅವುಗಳ ವೇಗದ ಅಚ್ಚು ಕಾಂಕ್ರೀಟಿನಲ್ಲಿ ಹಾಗೆಯೇ ಉಳಿದಿದೆ. ತಾವು ಗಂಟೆಗಟ್ಟಲೆ ನೋಡುತ್ತಿರುವುದು ಬಹುಶಃ ಅದನ್ನೇ.

ಪ್ರಶ್ನೆ: ಬ್ರೂಕ್‌ಲ್ಯಾಂಡ್ಸ್ ಬಗ್ಗೆ ಒಂದು ಸಾಲು ಸಾಲದು. ಅದನ್ನು ಕಟ್ಟಿದವರು ಯಾರು, ಮುಚ್ಚಿದ್ದೇಕೆ, ಈಗ ಅಲ್ಲಿ ಏನಿದೆ?

ಉತ್ತರ: ಕಾರ್ ರೇಸಿಗೆಂದೇ ಕಟ್ಟಿದ ಜಗತ್ತಿನ ಮೊದಲ ಟ್ರ್ಯಾಕ್ ಅದು. ಇಂಗ್ಲೆಂಡಿನ ರಸ್ತೆಗಳಲ್ಲಿ ಗಂಟೆಗೆ 20 ಮೈಲಿಗಿಂತ ವೇಗವಾಗಿ ಹೋಗುವಂತಿಲ್ಲ ಎಂಬ ಕಾನೂನು ಇದ್ದ ಕಾಲದಲ್ಲಿ, ಅಲ್ಲಿನ ಕಾರು ತಯಾರಕರಿಗೆ ತಮ್ಮ ಕಾರನ್ನು ಪೂರ್ಣ ವೇಗದಲ್ಲಿ ಓಡಿಸಿ ನೋಡುವುದಕ್ಕೂ ಜಾಗವಿರಲಿಲ್ಲ. ಹ್ಯೂ ಲಾಕ್ ಕಿಂಗ್ ಎಂಬ ಜಮೀನುದಾರರು ಸರ್ರೆ ಪ್ರಾಂತ್ಯದ ವೇಬ್ರಿಜ್‌ನಲ್ಲಿದ್ದ ತಮ್ಮ ಸ್ವಂತ ಜಮೀನಿನಲ್ಲಿ, ತಮ್ಮದೇ ಹಣದಿಂದ, ನೂರು ಅಡಿ ಅಗಲದ, ಸುಮಾರು 4.4 ಕಿಲೋಮೀಟರ್ ಸುತ್ತಳತೆಯ ಕಾಂಕ್ರೀಟ್ ಹಾದಿಯನ್ನು ಹಾಕಿಸಿದರು. ಬ್ಯಾಂಕಿಂಗ್ ಸುಮಾರು 30 ಅಡಿ ಎತ್ತರಕ್ಕೆ ಏರಿತ್ತು. ಖರ್ಚು ಅಂದಾಜನ್ನು ಮೀರಿ ಬೆಳೆದಾಗ ಕೆಲಸವನ್ನು ಕೈಬಿಡದಂತೆ ನೋಡಿಕೊಂಡವರು ಅವರ ಪತ್ನಿ ಎಥೆಲ್. 1907ರ ಜೂನ್‌ನಲ್ಲಿ ಟ್ರ್ಯಾಕ್ ತೆರೆದ ದಿನ ಕಾರುಗಳ ಮೆರವಣಿಗೆಯ ಮುಂದಿನ ಕಾರನ್ನು ಓಡಿಸಿದವರೂ ಅವರೇ.

ಅದೇ ತಿಂಗಳ ಕೊನೆಯಲ್ಲಿ ಎಸ್. ಎಫ್. ಎಡ್ಜ್ ಎಂಬವರು ನೇಪಿಯರ್ ಕಾರಿನಲ್ಲಿ 24 ಗಂಟೆಗಳ ಕಾಲ ಅಲ್ಲಿ ಒಬ್ಬರೇ ಸುತ್ತು ಹಾಕಿ 1,581 ಮೈಲಿ ಕ್ರಮಿಸಿದರು. ರಾತ್ರಿ ದಾರಿ ಕಾಣುವುದಕ್ಕೆ ಟ್ರ್ಯಾಕ್‌ನ ಅಂಚಿನುದ್ದಕ್ಕೂ ಕೆಂಪು ಲಾಟೀನುಗಳನ್ನು ಇಡಿಸಿದ್ದರು. ದಾಖಲೆಯೇನೋ ಆಯಿತು, ಆದರೆ ಗದ್ದಲದ ಬಗ್ಗೆ ಅಕ್ಕಪಕ್ಕದವರ ದೂರುಗಳು ಬೆಳೆದು ರಾತ್ರಿ ಓಟಕ್ಕೆ ಶಾಶ್ವತವಾಗಿ ಅಡ್ಡಿಯಾಯಿತು. ಇಪ್ಪತ್ತೆರಡು ವರ್ಷಗಳ ಬಳಿಕವೂ 24 ಗಂಟೆಗಳ ಸ್ಪರ್ಧೆ ನಡೆಸಬೇಕೆಂದಾಗ ಸಂಘಟಕರು ಅದನ್ನು ಎರಡು ದಿನಕ್ಕೆ ಹನ್ನೆರಡು ಹನ್ನೆರಡು ಗಂಟೆಗಳಾಗಿ ಹಂಚಿ, ನಡುವಿನ ರಾತ್ರಿ ಯಾರೂ ರಿಪೇರಿ ಮಾಡದಂತೆ ಕಾರುಗಳನ್ನು ಬೀಗ ಹಾಕಿ ಇಡಬೇಕಾಯಿತು. ರೇಸ್ ಟ್ರ್ಯಾಕ್ ಮತ್ತು ನೆರೆಹೊರೆಯ ಜಗಳ ಈಚಿನದೆಂದು ಭಾವಿಸುವವರು ಇದನ್ನು ಗಮನಿಸಬೇಕು: ಮೊದಲ ಟ್ರ್ಯಾಕ್‌ಗೆ ಒಂದು ವರ್ಷ ತುಂಬುವ ಮೊದಲೇ ಆ ಜಗಳ ಶುರುವಾಗಿತ್ತು.

ಜಾನ್ ಕಾಬ್ ತಮ್ಮ ನೇಪಿಯರ್-ರೈಲ್ಟನ್ ಕಾರಿನಲ್ಲಿ 1935ರಲ್ಲಿ ಸಾಧಿಸಿದ ಗಂಟೆಗೆ 143.44 ಮೈಲಿ, ಅಂದರೆ ಸುಮಾರು 231 ಕಿಲೋಮೀಟರ್ ಸರಾಸರಿಯ ಸುತ್ತು ಆ ಟ್ರ್ಯಾಕ್‌ನ ಕೊನೆಯ ದಾಖಲೆಯಾಗಿ ಉಳಿದಿದೆ. ಇನ್ನು ಅದನ್ನು ಮುರಿಯುವವರು ಯಾರೂ ಇಲ್ಲ. 1939ರ ಆಗಸ್ಟ್‌ನಲ್ಲಿ ಕೊನೆಯ ಸ್ಪರ್ಧೆ ನಡೆಯಿತು, ಮರುತಿಂಗಳು ಯುದ್ಧ ಬಂತು. ಟ್ರ್ಯಾಕ್‌ನ ನಡುವಿನ ಮೈದಾನದಲ್ಲಿ ಮೊದಲೇ ಇದ್ದ ವಿಮಾನ ಕಾರ್ಖಾನೆಗಳು ಯುದ್ಧದ ಬೇಡಿಕೆಗೆ ಬೆಳೆದವು, ಕಾರ್ಖಾನೆಗೆ ದಾರಿ ಮಾಡಲು ಬ್ಯಾಂಕಿಂಗನ್ನು ಒಡೆದರು. ಯುದ್ಧ ಮುಗಿದಾಗ ಕಾಂಕ್ರೀಟ್ ದುರಸ್ತಿಯ ಖರ್ಚನ್ನು ಹೊರುವವರಿರಲಿಲ್ಲ. 1946ರಲ್ಲಿ ಇಡೀ ಜಾಗವನ್ನು ವಿಮಾನ ತಯಾರಿಸುವ ವಿಕರ್ಸ್ ಕಂಪನಿಗೆ ಮಾರಿಬಿಟ್ಟರು. 1991ರಲ್ಲಿ ಅಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಬ್ಯಾಂಕಿಂಗ್‌ನ ಒಂದೆರಡು ತುಂಡುಗಳು ಉಳಿದಿವೆ. ಕಾಬ್ ಓಡಿಸಿದ ಕಾರು ಕೂಡ ಅಲ್ಲಿಯೇ ಇದೆ. ದಾಖಲೆ ಮಾಡಿದ ಕಾರು ಓಡುವ ಸ್ಥಿತಿಯಲ್ಲಿದ್ದು, ದಾಖಲೆ ಮಾಡಿದ ದಾರಿ ತುಂಡುತುಂಡಾಗಿರುವುದು ಎಂಥ ತಿರುಗುಮುರುಗು ಎಂದು ಆ ಕುರಿತು ಓದಿದಾಗಲೆಲ್ಲ ನನಗೆ ತೋರುತ್ತದೆ.

ಪ್ರಶ್ನೆ: ಇಂಥ ಹಳೆಯ ಸರ್ಕ್ಯೂಟ್‌ಗಳಲ್ಲಿ ಈಗ ನಾವೂ ಕಾರು ಓಡಿಸಬಹುದೇ?

ಉತ್ತರ: ಹಲವು ಕಡೆ ಓಡಿಸಬಹುದು, ಏಕೆಂದರೆ ಅವುಗಳಲ್ಲಿ ಹೆಚ್ಚಿನವು ಸಾರ್ವಜನಿಕ ರಸ್ತೆಗಳೇ ಆಗಿದ್ದವು, ಸ್ಪರ್ಧೆಯ ದಿನಗಳಲ್ಲಿ ಮಾತ್ರ ಅವನ್ನು ಮುಚ್ಚುತ್ತಿದ್ದರು. ಬೆಲ್ಜಿಯಂನ ಸ್ಪಾದ ಹಳೆಯ 14 ಕಿಲೋಮೀಟರ್ ಸುತ್ತಿನ ಬಹುಭಾಗ, ಫ್ರಾನ್ಸಿನ ರುವಾನ್ ಬಳಿಯ ಲೆ ಎಸಾರ್ ಸರ್ಕ್ಯೂಟ್, ಬರ್ಲಿನ್ ನಗರದ ಆವುಸ್ — ಎಲ್ಲವೂ ಇಂದು ಜನ ದಿನನಿತ್ಯ ಓಡಾಡುವ ರಸ್ತೆಗಳು. ವೇಗದ ಮಿತಿ ಇತರರಿಗೆ ಇರುವಷ್ಟೇ ತಮಗೂ ಇರುತ್ತದೆ. ಆವುಸ್ ಅಂತೂ ಪೂರ್ಣ ಪ್ರಮಾಣದ ಹೆದ್ದಾರಿ. ದಿನವೂ ಕೆಲಸಕ್ಕೆ ಹೋಗುವವರು ಅದರ ಪಕ್ಕದ ಹಳೆಯ ಪ್ರೇಕ್ಷಕರ ಗ್ಯಾಲರಿಯ ಎದುರಿನಿಂದಲೇ ಹಾದುಹೋಗುತ್ತಾರೆ.

ಪ್ರಶ್ನೆ: ಎಲ್ಲಕ್ಕಿಂತ ಹೆಚ್ಚಾಗಿ ಫ್ರಾನ್ಸಿನ ರೀಮ್ಸ್ ಸರ್ಕ್ಯೂಟ್‌ನ ಹೆಸರೇ ಈ ವಿಷಯದ ಆಸಕ್ತರ ಬಾಯಲ್ಲಿ ಕೇಳಿಬರುವುದೇಕೆ? ನಕ್ಷೆಯಲ್ಲಿ ನೋಡಿದರೆ ಅದು ಹೊಲಗಳ ನಡುವಿನ ಬರಿಯ ತ್ರಿಕೋನ.

ಉತ್ತರ: ತಾವು ಹೇಳಿದ್ದು ಸರಿ, ಅದು ಬರಿಯ ತ್ರಿಕೋನ. 1926ರಿಂದ ಸ್ಪರ್ಧೆ ನಡೆದ ಆ ಸರ್ಕ್ಯೂಟ್‌ನಲ್ಲಿ ಉದ್ದನೆಯ ನೇರ ರಸ್ತೆಗಳೂ ಅವನ್ನು ಕೂಡಿಸುವ ಕೆಲವೇ ತಿರುವುಗಳೂ ಇದ್ದವು. ಚಾಲಕನ ಕೈಚಳಕವನ್ನು ಪರೀಕ್ಷಿಸುವ ಹಾದಿಯೆಂದು ಅದನ್ನು ಯಾರೂ ಹೊಗಳುತ್ತಿರಲಿಲ್ಲ. ಆದರೆ ನೇರ ರಸ್ತೆಯಲ್ಲಿ ಮುಂದಿನ ಕಾರು ಗಾಳಿಯನ್ನು ಸೀಳಿಕೊಟ್ಟರೆ ಹಿಂದಿನದಕ್ಕೆ ಎಳೆತ ಕಡಿಮೆಯಾಗಿ ಅದು ಸುಲಭವಾಗಿ ಮುಂದೆ ನುಗ್ಗುತ್ತದೆ. ಮುಂದೆ ಹೋದದ್ದೇ ತಡ, ಗಾಳಿ ಸೀಳುವ ಸರದಿ ಅದರದಾಗುತ್ತದೆ. ಆದ್ದರಿಂದ ರೀಮ್ಸ್‌ನಲ್ಲಿ ಯಾರೂ ತಪ್ಪಿಸಿಕೊಂಡು ಮುಂದೆ ಹೋಗಿಬಿಡಲು ಆಗುತ್ತಿರಲಿಲ್ಲ. 1953ರಲ್ಲಿ ಮೈಕ್ ಹಾಥಾರ್ನ್ ಮತ್ತು ಹುವಾನ್ ಮಾನುಯೆಲ್ ಫಾಂಜಿಯೊ ಸುತ್ತಿನ ಮೇಲೆ ಸುತ್ತು ಅಕ್ಕಪಕ್ಕದಲ್ಲೇ ಓಡಿ, ಕೊನೆಗೆ ಹಾಥಾರ್ನ್ ಒಂದು ಸೆಕೆಂಡ್ ಅಂತರದಲ್ಲಿ ಗೆದ್ದರು. 1961ರಲ್ಲಿ ಜಾನ್‌ಕಾರ್ಲೊ ಬಾಗೆಟ್ಟಿ ಎಂಬ ಇಟಲಿಯ ಯುವಕ ವಿಶ್ವ ಚಾಂಪಿಯನ್‌ಷಿಪ್‌ನ ತನ್ನ ಮೊದಲ ಸ್ಪರ್ಧೆಯಲ್ಲೇ, ಮುಕ್ತಾಯದ ಗೆರೆಯ ಬಳಿ ಡ್ಯಾನ್ ಗರ್ನಿಯ ಹಿಂದಿನಿಂದ ಹೊರಬಂದು ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು ಮುಂದೆ ನಿಂತ. 1966ರಲ್ಲಿ ಅಲ್ಲಿ ಕೊನೆಯ ಫ್ರೆಂಚ್ ಗ್ರಾಂ ಪ್ರಿ ನಡೆಯಿತು. ತನ್ನದೇ ಹೆಸರಿನ ಕಾರಿನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಸ್ಪರ್ಧೆಯೊಂದನ್ನು ಗೆದ್ದ ಮೊದಲಿಗ ಎಂಬ ಹೆಸರು ಅಂದು ಜಾಕ್ ಬ್ರಾಭಮ್‌ಗೆ ಬಂತು. 1972ರ ಬಳಿಕ ಅಲ್ಲಿ ಓಟವಿಲ್ಲ.

ಆಸಕ್ತರನ್ನು ಅಲ್ಲಿಗೆ ಎಳೆಯುವುದು ಈ ಇತಿಹಾಸ ಮಾತ್ರವಲ್ಲ, ಅಲ್ಲಿ ಉಳಿದಿರುವ ಕಟ್ಟಡಗಳೂ ಹೌದು. ಗೋಧಿ ಹೊಲಗಳ ನಡುವೆ ಹಾದುಹೋಗುವ ಸಾಮಾನ್ಯ ಜಿಲ್ಲಾ ರಸ್ತೆಯ ಒಂದು ಬದಿಗೆ ಇದ್ದಕ್ಕಿದ್ದಂತೆ ಪಿಟ್‌ಗಳ, ಅಂದರೆ ಓಟದ ನಡುವೆ ಕಾರುಗಳನ್ನು ನಿಲ್ಲಿಸಿ ದುರಸ್ತಿ ಮಾಡುವ ಕಟ್ಟೆಗಳ, ಉದ್ದನೆಯ ಸಾಲು ಬರುತ್ತದೆ. ಎದುರು ಬದಿಗೆ ಪ್ರೇಕ್ಷಕರ ಗ್ಯಾಲರಿ. ಗೋಡೆಗಳ ಮೇಲೆ ಟಯರ್ ಮತ್ತು ಎಂಜಿನ್ ಆಯಿಲ್ ಕಂಪನಿಗಳ ದೊಡ್ಡ ಅಕ್ಷರದ ಜಾಹೀರಾತುಗಳಿವೆ. ಬಣ್ಣ ಪೂರ್ತಿ ಮಾಸಿಹೋಗಿದ್ದ ಅವನ್ನು ಸ್ಥಳೀಯ ಸ್ವಯಂಸೇವಕರು ಹೊಸದಾಗಿ ಬರೆದಿದ್ದಾರೆ. ಇಂದಿನ ಯಾವುದೇ ಸರ್ಕ್ಯೂಟ್‌ನಲ್ಲಿ ಪಿಟ್‌ಗೂ ಓಡುವ ಕಾರುಗಳಿಗೂ ನಡುವೆ ಕಾಂಕ್ರೀಟ್ ಗೋಡೆ, ಪ್ರತ್ಯೇಕ ದಾರಿ, ಬೇಲಿ ಎಲ್ಲವೂ ಇರುತ್ತವೆ. ರೀಮ್ಸ್‌ನಲ್ಲಿ ಪಿಟ್‌ನ ಕಟ್ಟೆಯಿಂದ ನಾಲ್ಕು ಹೆಜ್ಜೆ ಇಟ್ಟರೆ ರಸ್ತೆಯ ಮೇಲೆ ಇರುತ್ತೀರಿ. ಮೆಕ್ಯಾನಿಕ್ ಚಾಲಕನಿಗೆ ಸೂಚನೆ ಬರೆದ ಹಲಗೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದ ಆ ನಾಲ್ಕು ಹೆಜ್ಜೆಯ ಜಾಗದ ಪಕ್ಕದಲ್ಲೇ ಕಾರುಗಳು ಗಂಟೆಗೆ ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಹೋಗುತ್ತಿದ್ದವು. ಅಲ್ಲಿ ನಿಂತವರು ಮೊದಲು ಆ ಸಾಮೀಪ್ಯಕ್ಕೆ ಮರುಳಾಗುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಅದರ ಅರ್ಥ ಹೊಳೆದು ಗೋಡೆಯ ಕಡೆಗೆ ಸರಿಯುತ್ತಾರೆ.

ಪ್ರಶ್ನೆ: ಹಾಗಾದರೆ ಟ್ರ್ಯಾಕ್‌ಗಳು ಮುಚ್ಚುವುದಕ್ಕೆ ಅಪಾಯವೇ ಕಾರಣವೇ?

ಉತ್ತರ: ಅಷ್ಟೇ ಅಲ್ಲ. ಹಣವೂ ಅಷ್ಟೇ ದೊಡ್ಡ ಕಾರಣ, ಕೆಲವೊಮ್ಮೆ ಇನ್ನೂ ದೊಡ್ಡದು. ಸ್ಪೇನಿನ ಸಿಟ್ಜೆಸ್ ಬಳಿಯ ಟೆರಾಮಾರ್ ಟ್ರ್ಯಾಕ್ 1923ರ ಅಕ್ಟೋಬರ್‌ನಲ್ಲಿ ತೆರೆಯಿತು. ಕಟ್ಟಿದ ಗುತ್ತಿಗೆದಾರರಿಗೆ ಬಾಕಿ ಸಂದಿರಲಿಲ್ಲ. ಅವರು ಟಿಕೆಟಿನಿಂದ ಬಂದ ಹಣವನ್ನು ವಶಪಡಿಸಿಕೊಂಡರು. ಗೆದ್ದ ಚಾಲಕರಿಗೆ ಬಹುಮಾನದ ಹಣ ಸಿಗಲಿಲ್ಲ. ಅದರಿಂದಾಗಿ ಅಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ ನಿಷೇಧ ಬಂತು. ಮುಂದೆ ಆ ಜಾಗದಲ್ಲಿ ಕೋಳಿ ಸಾಕಿದರು. ಇದರಿಂದ ಆದ ಒಂದು ಲಾಭವೆಂದರೆ, ಯಾರಿಗೂ ಕೆಡಹುವಷ್ಟು ಆಸಕ್ತಿಯಾಗಲಿ ಹಣವಾಗಲಿ ಇಲ್ಲದ್ದರಿಂದ ಆ ಕಡಿದಾದ ಕಾಂಕ್ರೀಟ್ ತಿರುವುಗಳು ನೂರು ವರ್ಷ ಕಳೆದರೂ ಬಹುಪಾಲು ಇಡಿಯಾಗಿ ನಿಂತಿವೆ. ಸೋತುಹೋದ ಟ್ರ್ಯಾಕೇ ಚೆನ್ನಾಗಿ ಉಳಿದಿದೆ.

ಗೆದ್ದ ಟ್ರ್ಯಾಕ್‌ಗಳ ಪಾಡು ಬೇರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1957ರಲ್ಲಿ ತೆರೆದ ರಿವರ್‌ಸೈಡ್ ಸರ್ಕ್ಯೂಟ್ ಸುತ್ತ ಊರು ಬೆಳೆದು ನೆಲದ ಬೆಲೆ ಏರಿತು. 1989ರಲ್ಲಿ ಮುಚ್ಚಿ, ಆ ನೆಲದಲ್ಲಿ ಶಾಪಿಂಗ್ ಮಾಲ್ ಕಟ್ಟಿದರು. ಬ್ರೆಜಿಲಿನ ರಿಯೊ ನಗರದ ಜಕರೆಪಗ್ವಾದಲ್ಲಿ ಹತ್ತು ಬಾರಿ ಫಾರ್ಮುಲಾ ಒನ್ ಗ್ರಾಂ ಪ್ರಿ ನಡೆದಿತ್ತು. 2016ರ ಒಲಿಂಪಿಕ್ಸ್‌ನ ಉದ್ಯಾನಕ್ಕಾಗಿ 2012ರಲ್ಲಿ ಅದನ್ನು ಕೆಡವಿದರು. ಈ ಎರಡು ಕಡೆಯೂ ಈಗ ಹೋಗಿ ನೋಡುವಂಥದ್ದು ಏನೂ ಇಲ್ಲ.

ಪ್ರಶ್ನೆ: ಈ ವಿಷಯದಲ್ಲೇ ನನಗೊಂದು ಆಕ್ಷೇಪವಿದೆ. ಆ ಹಳೆಯ ಟ್ರ್ಯಾಕ್‌ಗಳಲ್ಲಿ ಚಾಲಕರೂ ಪ್ರೇಕ್ಷಕರೂ ಸತ್ತಿದ್ದಾರೆ. ಅವನ್ನು ಸುಂದರವೆಂದು ಹಾಡಿ ಹೊಗಳುವುದು ಸ್ಮಶಾನದಲ್ಲಿ ನಿಂತು ಹೂವಿನ ಬಣ್ಣ ಮೆಚ್ಚಿದಂತಲ್ಲವೇ?

ಉತ್ತರ: ಈ ಸಲ ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದು. ಪತ್ರ ಬರೆದವರು ಹೇಳಿದ ಸಂಗತಿ ನಿಜ, ಅದನ್ನು ಮೆದು ಮಾಡಿ ಹೇಳುವುದರಲ್ಲಿ ಅರ್ಥವಿಲ್ಲ. ಬ್ರೂಕ್‌ಲ್ಯಾಂಡ್ಸ್‌ನಲ್ಲಿ 1913ರ ಫೆಬ್ರವರಿಯಲ್ಲಿ ಒಂದು ಗಂಟೆಯೊಳಗೆ ನೂರು ಮೈಲಿ ಕ್ರಮಿಸಿದ ಮೊದಲಿಗ ಪರ್ಸಿ ಲ್ಯಾಂಬರ್ಟ್, ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದೇ ಟ್ರ್ಯಾಕ್‌ನಲ್ಲಿ ಸತ್ತರು. ಆವುಸ್‌ನ ಉತ್ತರ ತಿರುವನ್ನು 1937ರಲ್ಲಿ ಇಟ್ಟಿಗೆ ಹಾಸಿ 43 ಡಿಗ್ರಿ ವಾಲಿಸಿ ಕಟ್ಟಿದ್ದರು. ಅದರ ಮೇಲಂಚಿಗೆ ಕಾರನ್ನು ತಡೆಯುವ ಗೋಡೆಯೇ ಇರಲಿಲ್ಲ. ಆ ವರ್ಷ ಹೆರ್ಮನ್ ಲಾಂಗ್ ಅಲ್ಲಿ ಗಂಟೆಗೆ 261 ಕಿಲೋಮೀಟರ್ ಸರಾಸರಿಯಲ್ಲಿ ಗೆದ್ದರು. 1959ರಲ್ಲಿ ಮಳೆಯಲ್ಲಿ ಜಾನ್ ಬೆಹ್ರಾ ಅವರ ಕಾರು ಅದೇ ಅಂಚನ್ನು ದಾಟಿ ಹೋಗಿ ಅವರು ಸತ್ತರು. 1967ರಲ್ಲಿ ಆ ತಿರುವನ್ನು ಕೆಡವಿದ್ದಕ್ಕೆ ಸಂಚಾರದ ಅಗತ್ಯ ಕಾರಣವಾಗಿತ್ತು. ಮೊಂಝಾದ ಬ್ಯಾಂಕಿಂಗ್ ಅಪಾಯಕಾರಿಯೆಂದು ಬ್ರಿಟಿಷ್ ತಂಡಗಳು 1960ರ ಸ್ಪರ್ಧೆಗೆ ಬರಲೇ ಇಲ್ಲ. ಮರುವರ್ಷ ವೋಲ್ಫ್‌ಗಾಂಗ್ ಫಾನ್ ಟ್ರಿಪ್ಸ್ ಅವರ ಕಾರು ಪ್ರೇಕ್ಷಕರ ಬೇಲಿಗೆ ನುಗ್ಗಿ ಅವರೂ ಹದಿನೈದು ಮಂದಿ ಪ್ರೇಕ್ಷಕರೂ ಸತ್ತರು. ಆ ಅಪಘಾತ ನಡೆದದ್ದು ಬ್ಯಾಂಕಿಂಗ್‌ನಲ್ಲಲ್ಲ, ಸಪಾಟು ರಸ್ತೆಯ ಭಾಗದಲ್ಲಿ. ಆದರೂ ಫಾರ್ಮುಲಾ ಒನ್ ಆ ಬಳಿಕ ಬ್ಯಾಂಕಿಂಗ್‌ಗೆ ಮರಳಲಿಲ್ಲ.

ಇನ್ನೊಂದು ಘಟನೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹಳೆಯ ಸ್ಪಾ ಸರ್ಕ್ಯೂಟನ್ನು ಕೊಂಡಾಡುವವರು ಇದನ್ನು ಬಿಟ್ಟು ಮಾತಾಡುವುದನ್ನು ನಾನು ಗಮನಿಸಿದ್ದೇನೆ. 1966ರ ಸ್ಪರ್ಧೆಯ ಮೊದಲ ಸುತ್ತಿನಲ್ಲೇ ಸರ್ಕ್ಯೂಟ್‌ನ ದೂರದ ಭಾಗದಲ್ಲಿ ಜೋರು ಮಳೆ ಬಿದ್ದು ಹಲವು ಕಾರುಗಳು ರಸ್ತೆ ಬಿಟ್ಟು ಹೋದವು. ಜಾಕಿ ಸ್ಟೂವರ್ಟ್ ಅವರ ಕಾರು ಜಖಂಗೊಂಡು, ಬಾಗಿದ ಚೌಕಟ್ಟಿನೊಳಗೆ ಅವರ ಕಾಲು ಸಿಕ್ಕಿಕೊಂಡಿತು. ಒಡೆದ ಟ್ಯಾಂಕಿನಿಂದ ಪೆಟ್ರೋಲ್ ಅವರ ಮೈಮೇಲೆ ಸುರಿಯುತ್ತಿತ್ತು. ಒಂದು ಕಿಡಿ ಬಿದ್ದಿದ್ದರೆ ಮುಗಿದೇಹೋಗುತ್ತಿತ್ತು. ಬಿಡಿಸಲು ಬಂದವರು ಅಧಿಕಾರಿಗಳಲ್ಲ, ಅದೇ ಮಳೆಯಲ್ಲಿ ತಾವೂ ರಸ್ತೆ ತಪ್ಪಿದ್ದ ಸಹಸ್ಪರ್ಧಿಗಳಾದ ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡುರಾಂಟ್. ಸ್ಟೀರಿಂಗ್ ಚಕ್ರವನ್ನು ಕಳಚದೆ ಸ್ಟೂವರ್ಟ್‌ರನ್ನು ಹೊರತೆಗೆಯುವಂತಿರಲಿಲ್ಲ, ಕಳಚಲು ಸ್ಪ್ಯಾನರ್ ಇರಲಿಲ್ಲ. ಕೊನೆಗೆ ಪ್ರೇಕ್ಷಕರೊಬ್ಬರ ಕಾರಿನಿಂದ ಸ್ಪ್ಯಾನರ್ ಎರವಲು ತಂದರು. ಇದೆಲ್ಲ ಮುಗಿಯಲು ಸುಮಾರು 25 ನಿಮಿಷ ಹಿಡಿಯಿತು. ಸ್ಟೂವರ್ಟ್ ಮುಂದೆ ತಮ್ಮ ಕಾರಿನ ಸ್ಟೀರಿಂಗ್ ಬಳಿ ಒಂದು ಸ್ಪ್ಯಾನರನ್ನು ಅಂಟಿಸಿ ಇಟ್ಟುಕೊಳ್ಳತೊಡಗಿದರು. ಸುರಕ್ಷತೆಗಾಗಿ ಅವರು ನಡೆಸಿದ ಹೋರಾಟ ಶುರುವಾದದ್ದು ಅಲ್ಲಿಂದ. ಆ ಹೋರಾಟದಿಂದಾಗಿಯೇ ಹಳೆಯ ಸ್ಪಾದಂಥ ಸರ್ಕ್ಯೂಟ್‌ಗಳು ಮುಚ್ಚಿದವು. ಆ ಕಾಲದಲ್ಲಿ ಅವರನ್ನು ಹೇಡಿಯೆಂದು ಹಳಿದವರೂ ಇದ್ದರು.

ನನ್ನ ಅಭಿಪ್ರಾಯ ಇಷ್ಟು. ಆ ಹಾದಿಗಳನ್ನು ಸುಂದರವಾಗಿಸಿದ ಗುಣ ಮತ್ತು ಅವುಗಳನ್ನು ಮುಚ್ಚಿಸಿದ ಗುಣ ಬೇರೆಬೇರೆಯಲ್ಲ. ಮನೆಗಳ ನಡುವೆ, ಮರಗಳ ಪಕ್ಕದಲ್ಲಿ, ದಿನವೂ ಎತ್ತಿನ ಗಾಡಿಯೂ ಬಸ್ಸೂ ಓಡಾಡುವ ರಸ್ತೆಯಲ್ಲಿ ಆ ವೇಗ ಕಾಣಿಸಿಕೊಂಡಿತು ಎಂಬುದೇ ಸೊಗಸು. ತಪ್ಪಿದರೆ ಎದುರಿಗೆ ಸಿಗುವುದು ಅದೇ ಮನೆ, ಅದೇ ಮರ. ಆದ್ದರಿಂದ ಇಂದು ಯಾರಾದರೂ ಆ ಸರ್ಕ್ಯೂಟ್‌ಗಳಲ್ಲಿ ಮತ್ತೆ ಸ್ಪರ್ಧೆ ನಡೆಯಬೇಕೆಂದರೆ ನಾನು ಅವರ ಜೊತೆಗಿಲ್ಲ. ಆದರೆ ಸ್ಮಶಾನದ ಹೋಲಿಕೆಯನ್ನೂ ನಾನು ಪೂರ್ತಿ ಒಪ್ಪಲಾರೆ. ಪಾಳುಬಿದ್ದ ಟ್ರ್ಯಾಕನ್ನು ನೋಡುವವನಿಗೆ ಸತ್ತವರನ್ನು ಮರೆಯುವ ಸೌಲಭ್ಯ ಅಷ್ಟಾಗಿ ಇರುವುದಿಲ್ಲ: ಆವುಸ್‌ನ ಹಳೆಯ ಚಿತ್ರದಲ್ಲಿ ಆ ಬೋಳು ಮೇಲಂಚನ್ನು ಕಂಡವನಿಗೆ ಬೆಹ್ರಾ ಹೇಗೆ ಸತ್ತರೆಂದು ಬಿಡಿಸಿ ಹೇಳಬೇಕಿಲ್ಲ. ಹೊಸದಾಗಿ ದುರಸ್ತಿಯಾಗಿ, ಅಗಲವಾದ ಜಲ್ಲಿ ಹಾಸು ಮತ್ತು ಹೊಸ ಬೇಲಿಗಳಿಂದ ಸಜ್ಜಾದ ಸರ್ಕ್ಯೂಟ್‌ನಲ್ಲಿ ಹಳೆಯ ಅಪಘಾತಗಳ ನೆನಪು ಹೆಚ್ಚು ಬೇಗ ಅಳಿಸಿಹೋಗುತ್ತದೆ.

ಪ್ರಶ್ನೆ: ಇಂಥ ಟ್ರ್ಯಾಕ್‌ಗಳನ್ನು ಸ್ಮಾರಕಗಳಾಗಿ ಉಳಿಸಬೇಕೇ, ಅಥವಾ ತಮ್ಮಷ್ಟಕ್ಕೆ ಹಾಳಾಗಲು ಬಿಡಬೇಕೇ?

ಉತ್ತರ: ಎಲ್ಲದಕ್ಕೂ ಒಂದೇ ಉತ್ತರ ಕೊಡಲಾರೆ. ರೀಮ್ಸ್‌ನ ಸ್ವಯಂಸೇವಕರು ಮಾಡಿದ ಕೆಲಸ ನನಗೆ ಮೆಚ್ಚುಗೆಯಾದದ್ದು ಅವರು ಸ್ವಲ್ಪದರಲ್ಲೇ ನಿಲ್ಲಿಸಿದ್ದಕ್ಕೆ: ಬೀಳುವ ಗೋಡೆಯನ್ನು ನಿಲ್ಲಿಸಿದರು, ಅಕ್ಷರಗಳಿಗೆ ಬಣ್ಣ ಕೊಟ್ಟರು, ರಸ್ತೆಯನ್ನು ರಸ್ತೆಯಾಗಿಯೇ ಬಿಟ್ಟರು. ಜಪಾನಿನ ಫ್ಯೂಜಿ ಟ್ರ್ಯಾಕ್‌ನಲ್ಲಿ 1974ರ ಅಪಘಾತದಲ್ಲಿ ಇಬ್ಬರು ಚಾಲಕರು ಸತ್ತ ಮೇಲೆ 30 ಡಿಗ್ರಿಯ ಬ್ಯಾಂಕಿಂಗನ್ನು ಬಳಸುವುದನ್ನು ನಿಲ್ಲಿಸಿ, ಅದರ ಒಂದು ತುಂಡನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಅದೂ ಒಂದು ಕ್ರಮ.

ಮೂರನೆಯದೊಂದು ಕ್ರಮವನ್ನು ಜರ್ಮನಿಯ ಹೋಕೆನ್‌ಹೈಮ್‌ನಲ್ಲಿ ಕಾಣಬಹುದು. ಆ ಬಗ್ಗೆ ನನ್ನ ಮನಸ್ಸು ಇನ್ನೂ ಒಂದು ಕಡೆಗೆ ನಿಂತಿಲ್ಲ. ಅಲ್ಲಿನ ಹಳೆಯ ಸರ್ಕ್ಯೂಟ್ 6.8 ಕಿಲೋಮೀಟರ್ ಉದ್ದವಿದ್ದು, ಅದರ ಬಹುಪಾಲು ದಟ್ಟ ಕಾಡಿನ ನಡುವೆ ನೇರವಾಗಿ ಸಾಗುತ್ತಿತ್ತು. 1968ರ ಏಪ್ರಿಲ್ 7ರಂದು ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ ಟೂ ಸ್ಪರ್ಧೆಯೊಂದರಲ್ಲಿ ಜಿಮ್ ಕ್ಲಾರ್ಕ್ ಅವರ ಕಾರು ಮರಗಳಿಗೆ ಬಡಿದು ಅವರು ಸತ್ತದ್ದು ಆ ಕಾಡಿನಲ್ಲೇ. 2002ರಲ್ಲಿ ಸರ್ಕ್ಯೂಟನ್ನು 4.574 ಕಿಲೋಮೀಟರಿಗೆ ಇಳಿಸಿ ಹೊಸದಾಗಿ ಕಟ್ಟಿದಾಗ, ಕಾಡಿನೊಳಗಿನ ಭಾಗವನ್ನು ಪಾಳುಬೀಳಲು ಬಿಡಲಿಲ್ಲ. ಡಾಂಬರನ್ನು ಅಗೆದು ತೆಗೆದು, ಆ ಜಾಗದಲ್ಲಿ ಸಸಿ ನೆಟ್ಟರು. ಕ್ಲಾರ್ಕ್ ಸ್ಮಾರಕದ ಕಲ್ಲನ್ನು ಹೊಸ ಟ್ರ್ಯಾಕ್‌ನ ಹತ್ತಿರಕ್ಕೆ ತಂದಿಟ್ಟರು. ಹಳೆಯ ಅಭಿಮಾನಿಗಳು ಇದನ್ನು ಇಂದಿಗೂ ಕ್ಷಮಿಸಿಲ್ಲ. ಕಾಡಿನ ಕಡೆಯಿಂದ ನೋಡಿದರೆ, ತನ್ನಿಂದ ಕಿತ್ತುಕೊಂಡದ್ದು ಅದಕ್ಕೆ ಹಿಂದಿರುಗಿತು, ಅಷ್ಟೇ. ಆದರೂ ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಆ ನೇರ ಹಾದಿ ಈಗಲೂ ಗುರುತು ಸಿಗುತ್ತದೆ, ಏಕೆಂದರೆ ಅಲ್ಲಿ ನೆಟ್ಟ ಮರಗಳು ಸುತ್ತಲಿನ ಮರಗಳಿಗಿಂತ ಇನ್ನೂ ಗಿಡ್ಡವಾಗಿವೆ.